ಸುಳ್ಳುಗೆರೆ

ಹೊಳೆಯುವ ಗೆರೆಯಿಂದ ಅಂಚಿನವರೆಗೆ ಮೂರು ಗೆರೆ ಇರಬೇಕಿತ್ತು. ಆರಿದ್ದವು. ಅವಳು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆದು, ಕನ್ನಡಕವನ್ನು ಅಂಗಿಯ ತುದಿಯಿಂದ ಒರೆಸಿ ಮತ್ತೆ ಎಣಿಸಿದಳು. ಆರು. ಎರಡನೆಯ ಕಲ್ಲಿನಲ್ಲೂ ಆರು, ಮೂರನೆಯದರಲ್ಲೂ ಆರು. ಕಿಟಕಿಯಾಚೆ ಯಾರೋ ಐಸಿನ ಪೆಟ್ಟಿಗೆ ಎಳೆದುಕೊಂಡು ಹೋಗುತ್ತಿದ್ದ ಸದ್ದು ದಿನವೂ ಕೇಳುವಂಥದ್ದೇ, ಇವತ್ತು ಮಾತ್ರ ಹಲ್ಲಿಗೆ ತಾಕಿದ ಹಾಗಾಯಿತು. ಮೂರು ವರ್ಷದ ಹಿಂದೆ ಕೇಂದ್ರದವರು ಮುನ್ನೂರು ಕೆಂಗಣ್ಣ ಮೀನುಗಳನ್ನು ಆಳದಿಂದ ನಿಧಾನವಾಗಿ ಮೇಲೆತ್ತಿ, ಒಂದು ಔಷಧಿ ಚುಚ್ಚಿ, ಬೆನ್ನಿಗೆ ಗುರುತಿನ ಚೀಟಿ ಸಿಕ್ಕಿಸಿ ವಾಪಸು ಬಿಟ್ಟಿದ್ದರು. ಆ ಔಷಧಿ ಮೀನಿನ ಕಿವಿಗಲ್ಲಿನಲ್ಲಿ ಒಂದು ಗೆರೆಯಾಗಿ ಕೂರುತ್ತದೆ, ನೇರಳೆ ಬೆಳಕು ಬಿಟ್ಟರೆ ಹಳದಿಯಾಗಿ ಹೊಳೆಯುತ್ತದೆ. ಈ ಸಲದ ಸಮೀಕ್ಷೆಯ ಬಲೆಗೆ ಅವುಗಳಲ್ಲಿ ಮೂರು ಮರಳಿ ಬಿದ್ದಿದ್ದವು. ಔಷಧಿ ಚುಚ್ಚಿ ಮೂರು ವರ್ಷ, ಆಮೇಲೆ ಬಿದ್ದ ಗೆರೆ ಆರು. ಅಂದರೆ ವರ್ಷಕ್ಕೆ ಒಂದಲ್ಲ, ಎರಡು. ಇದನ್ನು ತಿಳಿಯಲು ವಿಜ್ಞಾನ ಓದಿರಬೇಕಾಗಿಯೂ ಇರಲಿಲ್ಲ, ಬೆರಳು ಮಡಚಲು ಬಂದರೆ ಸಾಕಿತ್ತು.

ಮೀನಿನ ತಲೆಯೊಳಗೆ ಒಂದು ಜೊತೆ ಪುಟ್ಟ ಕಲ್ಲುಗಳಿರುತ್ತವೆ. ಮೀನು ಬೆಳೆದಂತೆ ಅವೂ ಬೆಳೆಯುತ್ತವೆ, ಮರದ ಕಾಂಡದಲ್ಲಿ ಬೀಳುವಂತೆ ಅವುಗಳಲ್ಲೂ ಗೆರೆ ಬೀಳುತ್ತದೆ. ಆ ಕಲ್ಲನ್ನು ಅಂಟಿನಲ್ಲಿ ಹುದುಗಿಸಿ, ಕಾಗದದಷ್ಟು ತೆಳ್ಳಗೆ ಕೊಯ್ದು, ಉಜ್ಜಿ, ಗಾಜಿನ ಮೇಲಿಟ್ಟು ಗೆರೆ ಎಣಿಸಿ ಮೀನಿನ ವಯಸ್ಸು ಹೇಳುವುದು ಅವಳ ಕೆಲಸ. ಇಪ್ಪತ್ತೆಂಟು ವರ್ಷದಿಂದ ಅದೇ. ಕಡಲ ಸಂಶೋಧನಾ ಕೇಂದ್ರದಲ್ಲಿ ಬಾಗಿಲು ಕಾಯುವವನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರೂ ಅವಳನ್ನು ಕಲ್ಲಕ್ಕ ಅನ್ನುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಅವಳಿಗೂ ಅದು ಅಭ್ಯಾಸವಾಗಿ, ಒಮ್ಮೆ ಬ್ಯಾಂಕಿನಲ್ಲಿ ಹೆಸರು ಕೇಳಿದಾಗ ಒಂದು ಗಳಿಗೆ ತಡವರಿಸಿದ್ದಳು. ಆರು ವರ್ಷದ ಹಿಂದೆ ಸಾವಿರದ ನೂರು ಕೆಂಗಣ್ಣನ ಕಲ್ಲುಗಳನ್ನು ಎಣಿಸಿ, ಈ ಮೀನು ನಲವತ್ತು ದಾಟಿ ಬದುಕುತ್ತದೆ, ನಿಧಾನ ಬೆಳೆಯುತ್ತದೆ, ಮೊಟ್ಟೆ ಇಡುವುದಕ್ಕೇ ಹನ್ನೆರಡು ವರ್ಷ ಬೇಕು ಎಂದು ಬರೆದುಕೊಟ್ಟವಳು ಅವಳೇ. ಅಷ್ಟು ನಿಧಾನದ ಮೀನನ್ನು ಅಷ್ಟು ಬೋಟುಗಳು ಹಿಡಿದರೆ ಉಳಿಯುವುದಿಲ್ಲ ಎಂದು ಸಮಿತಿಯವರು ಆಳನೀರಿನ ಮೀನುಗಾರಿಕೆಯನ್ನೇ ನಿಲ್ಲಿಸಿದ್ದರು. ಮೂವತ್ತೊಂದು ಬೋಟು ದಡಕ್ಕೆ ಬಂದವು. ಅದರಲ್ಲೊಂದು ಅವಳ ತಮ್ಮನದು.

'ಮೇಡಂ, ಟೀ,' ಎಂದು ಪಕ್ಕದ ಮೇಜಿನ ಕಿರಿಯ ವಿಜ್ಞಾನಿ ಲೋಟ ತಂದಿಟ್ಟಳು. ಎರಡು ವರ್ಷದಿಂದ ಪಕ್ಕದಲ್ಲೇ ಕೂತವಳು, ಒಮ್ಮೆಯೂ ಟೀ ತಂದವಳಲ್ಲ. ಅಂದರೆ ಅವಳಿಗೆ ಗೊತ್ತಾಗಿದೆ. ನಿನ್ನೆಯೇ ಎಣಿಸಿದ್ದಾಳೆ, ಎಣಿಸಿ ಸುಮ್ಮನಿದ್ದಾಳೆ, ಹಿರಿಯಳೇ ಕಂಡುಕೊಳ್ಳಲಿ ಎಂದು. 'ಬೆಳಕು ಸರಿ ಇಲ್ಲವೇನೋ ಮೇಡಂ, ಇನ್ನೊಂದು ಸಲ ಉಜ್ಜಿ ನೋಡೋಣ್ವಾ?' ಅಂದಳು. ಆ ಮೆದುವಾದ ದನಿಯೇ ಕಲ್ಲಕ್ಕನಿಗೆ ಕೆನ್ನೆಗೆ ಹೊಡೆದಂತಾಯಿತು. ಬಿದ್ದವರನ್ನು ನೋಡಿ ನಕ್ಕರೆ ಎದ್ದು ಹೋಗಬಹುದು, ಕೈಕೊಟ್ಟು ಎತ್ತಿದರೆ ಎಲ್ಲಿಗೆ ಹೋಗುವುದು? 'ಬೆಳಕು ಸರಿಯಾಗೇ ಇದೆ,' ಅಂದಳು.

ಮೀನು ಹಸಿದಿದ್ದಾಗ, ಮೊಟ್ಟೆ ಇಟ್ಟು ಸೊರಗಿದಾಗ ಬೆಳವಣಿಗೆ ನಿಂತು ಕಲ್ಲಿನಲ್ಲಿ ವರ್ಷದ ಗೆರೆಯ ಹಾಗೇ ಕಾಣುವ ಇನ್ನೊಂದು ಗೆರೆ ಬೀಳುವುದುಂಟು. ಈ ಕೆಲಸದವರು ಅದನ್ನು ಸುಳ್ಳುಗೆರೆ ಅನ್ನುತ್ತಾರೆ. ಯಾವುದು ನಿಜ, ಯಾವುದು ಸುಳ್ಳು ಎಂದು ಹೇಳುವ ಯಂತ್ರವಿಲ್ಲ. ಕಣ್ಣು ಹೇಳಬೇಕು, ಕಣ್ಣಿಗೆ ಮನಸ್ಸು ಹೇಳಬೇಕು. ಆರು ವರ್ಷದ ಹಿಂದೆ ಕೆಂಗಣ್ಣನ ಕಲ್ಲಿನಲ್ಲಿ ಒಂದು ದಪ್ಪ, ಒಂದು ತೆಳು, ಮತ್ತೊಂದು ದಪ್ಪ ಎಂದು ಗೆರೆಗಳು ಕಂಡಾಗ ಅವಳು ತಡೆದು ಕೂತದ್ದು ನಿಜ. ಎರಡು ದಿನ ಕೂತಿದ್ದಳು. ಮೂರನೆಯ ದಿನ ಬೆಳಿಗ್ಗೆ, ತೆಳುವಾದದ್ದೂ ವರ್ಷವೇ ಎಂದು ತೀರ್ಮಾನಿಸಿ ಎಣಿಸುತ್ತಾ ಹೋದಳು. ಯಾಕೆ ಹಾಗೆ ತೀರ್ಮಾನಿಸಿದೆ ಎಂದು ಈಗ ಕೇಳಿಕೊಂಡರೆ ನೆನಪಾಗುವುದು ಕಲ್ಲಲ್ಲ, ಅದರ ಹಿಂದಿನ ಸಂಜೆ. ತಮ್ಮನ ಮಗಳ ಹುಟ್ಟುಹಬ್ಬ. ಮನೆ ತುಂಬ ಬೋಟಿನವರು. ಕೈಯಲ್ಲಿ ಕೇಕಿನ ತಟ್ಟೆ ಹಿಡಿದು ಅವಳು ಬಾಗಿಲ ಹತ್ತಿರ ನಿಂತಿದ್ದಾಗ ತಮ್ಮ ಎಲ್ಲರಿಗೂ ಕೇಳುವಂತೆ ಅಂದಿದ್ದ: 'ನಮ್ಮಕ್ಕ ಸತ್ತ ಮೀನಿನ ವಯಸ್ಸು ಕರೆಕ್ಟಾಗಿ ಹೇಳ್ತಾಳೆ. ತನ್ನ ವಯಸ್ಸು ಯಾವಾಗ ದಾಟಿ ಹೋಯ್ತು ಅನ್ನೋದೇ ಅವಳಿಗೆ ಗೊತ್ತಾಗ್ಲಿಲ್ಲ.' ಎಲ್ಲರೂ ನಕ್ಕರು. ಅವಳೂ ನಕ್ಕಳು, ಎಲ್ಲರಿಗಿಂತ ಸ್ವಲ್ಪ ಹೆಚ್ಚೇ ಹೊತ್ತು. ಮದುವೆಯಾಗದೇ ಉಳಿದದ್ದು ಅವಳಿಗೆ ದೊಡ್ಡ ದುಃಖವೇನಾಗಿರಲಿಲ್ಲ, ಆದರೆ ಆ ನಗುವಿನ ನಡುವೆ ತಾನು ನಕ್ಕದ್ದು ದುಃಖವಾಯಿತು. ಮರುದಿನ ಬೆಳಿಗ್ಗೆ ಗೆರೆ ಎಣಿಸುವಾಗ ಅದು ಮನಸ್ಸಿನಲ್ಲಿತ್ತೇ? ಇತ್ತು ಅನ್ನಲಾರಳು. ಇರಲಿಲ್ಲ ಎಂದು ಆಣೆ ಮಾಡಲೂ ಆಗದು. ಬೋಟುಗಳು ದಡಕ್ಕೆ ಬಂದ ದಿನ ಒಳಗೆಲ್ಲೋ ಒಂದು ಮೂಲೆಯಲ್ಲಿ ಹಿತವಾಗಿತ್ತೇ? ಆಗಿತ್ತು. ಅದನ್ನು ಮಾತ್ರ ಅಲ್ಲಗಳೆಯುವಂತಿರಲಿಲ್ಲ.

ನಿರ್ದೇಶಕರ ಕೋಣೆಯ ಕಿಟಕಿ ಯಾವಾಗಲೂ ಮುಚ್ಚಿರುತ್ತಿತ್ತು. ಮೀನಿನ ವಾಸನೆ ಅವರಿಗೆ ಆಗುತ್ತಿರಲಿಲ್ಲ. ಅವಳು ಹೇಳಿದ್ದನ್ನೆಲ್ಲ ಕೇಳಿ, ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತಾ, 'ಮೂರು ಮೀನು, ಕಲ್ಲಕ್ಕ. ಮೂರೇ ಮೂರು ಮೀನಿಂದ ಏನು ಸಾಬೀತಾಗುತ್ತೆ?' ಅಂದರು.

'ಮೂರರಲ್ಲೂ ಆರೇ ಇದೆ ಸರ್.'

'ಇರಲಿ. ನಿಷೇಧದಿಂದ ಕೆಟ್ಟದ್ದೇನಾಯ್ತು ಹೇಳಿ? ಮೀನು ಹೆಚ್ಚಿದೆ. ದೊಡ್ಡದಾಗಿದೆ. ಕಡಲಿಗೆ ಒಳ್ಳೇದೇ ಆಗಿದೆ.'

'ಅದು ಹೌದು. ಆದ್ರೆ ಪೂರ್ತಿ ನಿಲ್ಲಿಸಬೇಕಾಗಿರಲಿಲ್ಲ. ಅರ್ಧದಷ್ಟು ಬೋಟು ಹೋಗಬಹುದಿತ್ತು.'

ಅವರು ಮುಚ್ಚಳವನ್ನು ಹಾಕಿ ಪೆನ್ನು ಕೆಳಗಿಟ್ಟರು. 'ಎರಡು ವರ್ಷ ಕಾಯೋಣ. ಇನ್ನಷ್ಟು ಮೀನು ಸಿಗಲಿ. ಅಷ್ಟರಲ್ಲಿ ನೀವೂ ನಿವೃತ್ತರಾಗಿರ್ತೀರಿ, ಯಾರೂ ನಿಮ್ಮನ್ನ ಬೊಟ್ಟು ಮಾಡಿ ತೋರಿಸಲ್ಲ. ವರದಿ ಕೊಡಲೇಬೇಕು ಅಂತಿದ್ರೆ ಸೋಮವಾರ ಕೊಡಿ. ಆದ್ರೆ ತಪ್ಪು ಅನ್ನೋ ಪದ ಬೇಡ. ಎಣಿಸೋ ವಿಧಾನ ಸುಧಾರಿಸಿದೆ ಅಂತ ಬರೀರಿ.' ಅವರು ಕೆಟ್ಟವರಲ್ಲ. ಅವಳ ಹೆಸರು ಉಳಿಯಲಿ ಎಂದೇ ಹೇಳಿದ್ದು. ಹೊರಗೆ ಬಂದಾಗ, ಉಳಿಸಿಕೊಳ್ಳುವಂಥ ಹೆಸರು ತನಗೆ ಎಲ್ಲಿದೆ, ಇರುವುದು ಅಡ್ಡಹೆಸರು ತಾನೇ ಅನ್ನಿಸಿ ಅವಳಿಗೆ ಸಣ್ಣಗೆ ನಗು ಬಂತು. ಆದರೆ ಯಾರ ಜೊತೆ ನಗುವುದು?

ಮಧ್ಯಾಹ್ನ ಅರ್ಧ ದಿನದ ರಜೆ ಬರೆದುಕೊಟ್ಟು ಮೀನಿನ ಶೈತ್ಯಾಗಾರದ ಕಡೆ ಹೋಗುವ ಬಸ್ಸು ಹತ್ತಿದಳು. ತಮ್ಮ ಬೋಟು ಮಾರಿ ಅಲ್ಲಿ ಪೆಟ್ಟಿಗೆ ಹೊರುವ ಕೆಲಸಕ್ಕೆ ಸೇರಿದ್ದ. ಆರು ವರ್ಷದಿಂದ ಅವಳ ಜೊತೆ ಮಾತಿಲ್ಲ. ಅಮ್ಮ ಸತ್ತ ದಿನ ಕೂಡ ಹೆಣದ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು, ಆಗಬೇಕಾದ್ದನ್ನೆಲ್ಲ ಬೇರೆಯವರ ಬಾಯಿಂದ ಹೇಳಿಸಿದ್ದರು. ಕೆಲವು ಸಲ ಅವಳು ಬೇಕೆಂದೇ ಈ ಬಸ್ಸು ಹತ್ತಿ, ಗೇಟಿನ ಮುಂದೆ ಹಾದು ಹೋಗುವಾಗ ಅವನು ಕಾಣುತ್ತಾನೇನೋ ಎಂದು ಕಿಟಕಿಯ ಪಕ್ಕ ಕೂರುತ್ತಿದ್ದಳು, ಕೊನೆಯ ನಿಲ್ದಾಣದಲ್ಲಿ ಇಳಿದು ಅದೇ ಬಸ್ಸಲ್ಲಿ ವಾಪಸು ಬರುತ್ತಿದ್ದಳು. ಕಂಡಕ್ಟರು ಒಮ್ಮೆ, 'ಏನಾದ್ರೂ ಮರೆತು ಬಂದ್ರಾ?' ಎಂದು ಕೇಳಿದ್ದ.

ತಮ್ಮ ಗೇಟಿನ ಒಳಗೇ ಇದ್ದ. ಉಣ್ಣೆ ಟೋಪಿ, ದಪ್ಪ ಕೈಗವಸು, ಹುಬ್ಬಿನ ಮೇಲೆ ಕರಗುತ್ತಿದ್ದ ಹಿಮ. ಅವಳನ್ನು ಕಂಡು ಯಾರೋ ಸತ್ತಿರಬೇಕು ಅನ್ನುವಂತೆ ಪೆಟ್ಟಿಗೆ ಕೆಳಗಿಟ್ಟ. ಅವಳು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಚೆದುರಿ, 'ನಾನು ತಪ್ಪು ಎಣಿಸಿದ್ದೆ ಕಣೋ,' ಅಂದುಬಿಟ್ಟಳು. ಆಮೇಲೆ ಔಷಧಿ, ಹಳದಿ ಗೆರೆ, ಆರು ಗೆರೆ ಎಲ್ಲ ಹೇಳಿದಳು. ಬೈಯುತ್ತಾನೆ ಎಂದು ಕಾದಳು. ಬೈದರೆ ಸಾಕು, ಅಲ್ಲಿಂದ ಮಾತು ಶುರುವಾಗುತ್ತದೆ ಎಂದು ಆಸೆಪಟ್ಟಳು.

ಅವನು ಆಚೀಚೆ ನೋಡಿ, ಅವಳ ತೋಳು ಹಿಡಿದು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದ. ಆರು ವರ್ಷದಲ್ಲಿ ಅವಳ ತೋಳನ್ನು ಯಾರೂ ಹಾಗೆ ಹಿಡಿದಿರಲಿಲ್ಲ. 'ಯಾರಿಗೆಲ್ಲ ಗೊತ್ತು?' ಎಂದು ಕೇಳಿದ.

'ಕೇಂದ್ರದಲ್ಲಿ ಇಬ್ಬರಿಗೆ.'

'ಕೊಡಬೇಡ.'

'ಏನು?'

'ಆ ವರದಿ ಕೊಡಬೇಡ ಅಕ್ಕ.' ಅವನು ಮಗುಚಿಟ್ಟ ಪೆಟ್ಟಿಗೆಯ ಮೇಲೆ ಕೂತು ಕೈಗವಸು ಕಳಚಿದ. 'ನಿಷೇಧ ತೆಗೆದ್ರೆ ಎಲ್ಲರೂ ವಾಪಸು ಹೋಗ್ತಾರೆ. ನನ್ನನ್ನೂ ಕರೀತಾರೆ. ನಂಗೆ ಆಗಲ್ಲ ಅಕ್ಕ.' ಆಮೇಲೆ ಕಾರಣ ಹೇಳಿದ. ನಿಷೇಧದ ಹಿಂದಿನ ವರ್ಷ ಒಂದು ದಿನ ಗಾಳಿಗೆ ಸಿಕ್ಕಿ ಬೋಟು ಮಗುಚುವುದರಲ್ಲಿತ್ತು. ಯಾರಿಗೂ ಏನೂ ಆಗಲಿಲ್ಲ, ಎಲ್ಲರೂ ಬಂದು ಉಂಡು ಮಲಗಿದರು. ಅವನಿಗೆ ಮಾತ್ರ ಅವತ್ತಿನಿಂದ ನೀರು ಕಂಡರೆ ಭಯವಾಗತೊಡಗಿತು. ದಿನಾ ಬೆಳಿಗ್ಗೆ ಬೋಟಿಗೆ ಹೊರಡುವ ಮೊದಲು ಹಿತ್ತಲ ಗೋಡೆಯ ಮರೆಯಲ್ಲಿ ವಾಂತಿ ಮಾಡಿಕೊಂಡು ಬಾಯಿ ತೊಳೆದು ಹೋಗುತ್ತಿದ್ದ. ಹುಟ್ಟಾ ಬೋಟಿನವನು, ಅಪ್ಪನ ಮಗ, ಯಾರಿಗೆ ಹೇಳುವುದು? 'ನಿನ್ನ ಕಾಗದದಿಂದ ಎಲ್ಲ ನಿಂತೋಯ್ತು ಅಂತ ಗೊತ್ತಾದ ದಿನ ನಾನು ಹೊಟ್ಟೆ ತುಂಬ ಉಂಡು ಮಲಗ್ದೆ ಅಕ್ಕ. ಎದ್ದ ಮೇಲೆ ಎಲ್ಲರ ಜೊತೆ ಸೇರಿ ನಿನ್ನನ್ನ ಬೈದೆ. ಬೈಯದಿದ್ರೆ ಅನುಮಾನ ಬರ್ತಿತ್ತು. ಬೈದು ಬೈದು ಅದೇ ನಿಜ ಆಗೋಯ್ತು.'

ಅವಳಿಗೆ ಕೋಪ ಬರಬೇಕಿತ್ತು. ಆರು ವರ್ಷ ಎದೆಯ ಮೇಲೆ ಹೊತ್ತದ್ದು ಇವನ ಕಲ್ಲನ್ನೋ ತನ್ನದನ್ನೋ? ಅಮ್ಮನ ಹೆಣದ ಆಚೆ ನಿಂತಿದ್ದವನ ಮುಖದಲ್ಲಿ ತಾನು ಓದಿದ್ದು ದ್ವೇಷವಲ್ಲ, ಸಿಕ್ಕಿಬಿದ್ದೇನು ಅನ್ನುವ ಹೆದರಿಕೆಯೇ? ವಯಸ್ಸಲ್ಲದ್ದನ್ನು ವಯಸ್ಸೆಂದು ಓದಿದ ಕಣ್ಣು, ತಮ್ಮನ ಮುಖ ಓದುವುದರಲ್ಲಿ ಮಾತ್ರ ಸರಿಯಿರಬೇಕೆಂದು ಎಲ್ಲಿದೆ? ಆದರೆ ಕೋಪಕ್ಕಿಂತ ಮೊದಲು ಬಂದದ್ದು ಬೇರೆ. ಅಕ್ಕ ಅಂದ. ಎರಡು ನಿಮಿಷದಲ್ಲಿ ಮೂರು ಸಲ ಅಂದ. ಅವಳು ಅದನ್ನೂ ಎಣಿಸಿದ್ದಳು.

'ಭಾನುವಾರ ಊಟಕ್ಕೆ ಬಾ,' ಅಂದ ಅವನು ಕೈಗವಸು ಹಾಕಿಕೊಳ್ಳುತ್ತಾ. 'ಮಗಳು ನಿನ್ನಷ್ಟೇ ಎತ್ತರ ಆಗಿದಾಳೆ.'

ಭಾನುವಾರ ಅವಳು ಹೋದಳು. ಹೋಗುವ ಮುಂಚೆ ಮೂರು ಸಲ ಅಂಗಿ ಬದಲಾಯಿಸಿದಳು. ತಮ್ಮನ ಹೆಂಡತಿ ಬಾಗಿಲು ತೆಗೆದು, 'ಬನ್ನಿ ಅತ್ತಿಗೆ,' ಎಂದಷ್ಟೇ ಹೇಳಿ ಒಳಗೆ ಹೋದಳು. ಮಗಳು ನಿಜಕ್ಕೂ ಎತ್ತರವಾಗಿದ್ದಳು. 'ಅತ್ತೆ, ಮೀನಿಗೂ ಕಿವಿ ಇರುತ್ತಾ? ಮತ್ತೆ ಹೊರಗೆ ಯಾಕೆ ಕಾಣಲ್ಲ?' ಎಂದು ತಟ್ಟೆಯ ಮುಂದೆ ಕೂತೇ ಕೇಳಿದಳು. ಕಲ್ಲಕ್ಕ ಹೇಳಿದಳು, ಬೆರಳನ್ನು ನೀರಿಗದ್ದಿ ಮೇಜಿನ ಮೇಲೆ ಚಿತ್ರ ಬರೆದು ತೋರಿಸಿದಳು. ಮೀನಿಗೆ ಕೇಳಿಸುವುದೂ, ಸಮತೋಲ ಸಿಗುವುದೂ ಆ ಕಲ್ಲುಗಳಿಂದಲೇ, ಕತ್ತಲ ನೀರಿನಲ್ಲಿ ಮೇಲೆ ಯಾವುದು ಕೆಳಗೆ ಯಾವುದು ಎಂದು ಹೇಳುವುದೂ ಅವೇ ಎಂದಳು. ಇಪ್ಪತ್ತೆಂಟು ವರ್ಷದಲ್ಲಿ ಅವಳ ಕೆಲಸದ ಬಗ್ಗೆ ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ತಮ್ಮ ಒತ್ತಾಯ ಮಾಡಿ ಎರಡನೇ ಸಲ ಬಡಿಸಿದ. ಇಷ್ಟು ಸಾಕಲ್ಲ ಅನ್ನಿಸಿತು. ಸಾವಿರದ ನೂರು ಕಲ್ಲು ಇನ್ನೆರಡು ವರ್ಷ ಡಬ್ಬಿಯಲ್ಲೇ ಇರಲಿ, ಅವುಗಳಿಗೇನು ಹಸಿವೇ, ನಿದ್ದೆಯೇ.

ಕೈ ತೊಳೆಯುವ ಹೊತ್ತಿಗೆ ಬಾಗಿಲಲ್ಲಿ ಬಲೆ ಹೆಣೆಯುವವಳು ನಿಂತಿದ್ದಳು. ಹಿಂದೆ ಮೂವತ್ತೊಂದು ಬೋಟಿನ ಬಲೆಯೂ ಅವಳ ಕೈಯಲ್ಲೇ ರಿಪೇರಿಯಾಗುತ್ತಿತ್ತು. ಈಗ ತಮ್ಮನ ಮನೆಯ ಬೀದಿಯ ಎತ್ತರದ ಕಟ್ಟಡಗಳಲ್ಲಿ ಮೆಟ್ಟಿಲು ಒರೆಸುತ್ತಾಳೆ. ಪಕ್ಕದ ಮನೆಯವಳಾದ್ದರಿಂದ ಯಾವುದೋ ಪಾತ್ರೆ ಹಿಂದಿರುಗಿಸಲು ಬಂದಿದ್ದಳು. ಕಲ್ಲಕ್ಕನನ್ನು ಕಂಡು ಅವಳ ಮುಖ ಬಿಗಿಯಿತು, ಆಮೇಲೆ ಕಷ್ಟಪಟ್ಟು ಸಡಿಲವಾಯಿತು. ಬೈಯಬಹುದಿತ್ತು. ಬದಲಿಗೆ, ಊದಿದ ಬೆರಳುಗಳನ್ನು ಒಂದರೊಳಗೊಂದು ಸಿಕ್ಕಿಸಿಕೊಂಡು, 'ಮೀನು ಇನ್ನೂ ಚಿಕ್ಕವಾ ಅಮ್ಮ? ಇನ್ನೆಷ್ಟು ವರ್ಷ ಬೇಕು ಅವು ಬೆಳೆಯೋಕೆ?' ಎಂದು ಕೇಳಿದಳು, ಆಸ್ಪತ್ರೆಯಲ್ಲಿ ಡಾಕ್ಟರನ್ನು ಕೇಳುವ ದನಿಯಲ್ಲಿ.

ತಮ್ಮ ಟವೆಲನ್ನು ಮಡಿಸುತ್ತಿದ್ದ, ಮಡಿಸಿದ್ದನ್ನೇ ಮತ್ತೆ ಮಡಿಸುತ್ತಿದ್ದ.

'ಇನ್ನೂ ನೋಡಬೇಕು,' ಅಂದಳು ಕಲ್ಲಕ್ಕ.

ತಮ್ಮ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು. 'ಹೂಂ, ನೋಡಿ. ನಿಮಗೆ ತಾನೇ ಗೊತ್ತಾಗೋದು,' ಎಂದು ಬಲೆ ಹೆಣೆಯುವವಳು ಹೊರಟುಹೋದಳು. ಆರು ವರ್ಷದ ಹಿಂದೆ ಮಾಡಿದ್ದು ಕಣ್ಣಿನ ತಪ್ಪು ಅನ್ನಬಹುದಿತ್ತು, ಬೇಕಾದರೆ ಮನಸ್ಸಿನ ತಪ್ಪು ಅನ್ನಬಹುದಿತ್ತು. ಈಗಷ್ಟೇ ಆಡಿದ್ದು ಬಾಯಿಂದ ಆಡಿದ ಸುಳ್ಳು, ಊಟದ ರುಚಿ ಇನ್ನೂ ಇದ್ದ ಬಾಯಿ. ಅಂದರೆ ಭಾನುವಾರಗಳು ಹೀಗೇ ಇರುತ್ತವೆ. ಅವಳು ಬರುತ್ತಾಳೆ, ಉಣ್ಣುತ್ತಾಳೆ, ಮಗಳಿಗೆ ಮೀನಿನ ಕಿವಿಯ ಕತೆ ಹೇಳುತ್ತಾಳೆ. ಪ್ರತಿ ಸಲವೂ ಬಾಗಿಲಲ್ಲಿ ಯಾರಾದರೂ ಬಂದು ನಿಲ್ಲುತ್ತಾರೆ. ಹೊರಡುವಾಗ ತಮ್ಮ ಬಸ್ಸಿನವರೆಗೂ ಬಂದ. 'ಥ್ಯಾಂಕ್ಸ್ ಅಕ್ಕ,' ಅಂದ. ಅವಳು ಅವನ ಕೆನ್ನೆ ಮುಟ್ಟಿದಳು, ಚಿಕ್ಕವನಿದ್ದಾಗ ಮುಟ್ಟುತ್ತಿದ್ದಂತೆ. ಅವನಿಗೆ ಅರ್ಥವಾಯಿತೋ ಏನೋ, ಮುಖ ಹಿಂದಕ್ಕೆ ತೆಗೆದುಕೊಂಡ.

ಸೋಮವಾರ ಬೆಳಿಗ್ಗೆ ವರದಿ ನಿರ್ದೇಶಕರ ಮೇಜಿನ ಮೇಲಿತ್ತು. ಎರಡು ಪುಟ. ಮೊದಲ ಸಾಲಿನಲ್ಲೇ ತಪ್ಪು ಅನ್ನುವ ಪದವಿತ್ತು, ಎಣಿಸಿದವಳು ನಾನು ಎಂದೂ ಇತ್ತು. ಅವರು ಓದಿ, ಎರಡನೆಯ ಪುಟದಲ್ಲಿ ಒಂದು ಅಕ್ಷರದೋಷ ತಿದ್ದಿ, ಸಹಿ ಹಾಕಿದರು. ಆಮೇಲೆ ನಾಲ್ಕು ತಿಂಗಳು ಸಮಿತಿ, ಇನ್ನಷ್ಟು ಮೀನು, ಬೇರೆಯವರ ಕಣ್ಣು. ಕಿರಿಯ ವಿಜ್ಞಾನಿಯೂ ಅವಳೂ ಎದುರುಬದುರು ಕೂತು ಸಾವಿರದ ನೂರು ಕಲ್ಲುಗಳನ್ನೂ ಮತ್ತೆ ಎಣಿಸಿದರು. ನಲವತ್ತೆರಡು ವರ್ಷದ ಮುದಿ ಮೀನು ಇಪ್ಪತ್ತೊಂದರ ಪ್ರಾಯಕ್ಕೆ ಬಂತು. ಟೀ ಮತ್ತೆ ಯಾರೂ ತಂದುಕೊಡಲಿಲ್ಲ, ಅದೊಂದು ಸಮಾಧಾನ. ಬೋಟಿನವರ ಸಂಘದ ಸಭಾಂಗಣದಲ್ಲಿ ಆ ಎರಡು ಪುಟವನ್ನು ಅವಳೇ ಎದ್ದು ನಿಂತು ಓದಿದಳು. ಯಾರೂ ಕೂಗಾಡಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ, 'ಆ ಆರು ವರ್ಷ ಯಾರು ಕೊಡ್ತಾರೆ?' ಎಂದು ಕೇಳಿದ. 'ಯಾರಿಂದಲೂ ಕೊಡೋಕಾಗಲ್ಲ,' ಅಂದಳು. ಅವನು ತಲೆಯಾಡಿಸಿ ಎದ್ದು ಹೋದ, ಅವನ ಹಿಂದೆ ಇನ್ನೂ ಕೆಲವರು. ಬಲೆ ಹೆಣೆಯುವವಳು ಗೋಡೆಗೆ ಒರಗಿ ನಿಂತು ಕೊನೆಯವರೆಗೂ ಅವಳನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಕ್ಷಮೆ ಇರಲಿಲ್ಲ, ಇರಬೇಕೆಂದು ಕೇಳುವ ಮುಖ ಕಲ್ಲಕ್ಕನಿಗೂ ಇರಲಿಲ್ಲ. ತಮ್ಮ ಬಂದಿರಲಿಲ್ಲ.

ಹದಿನೈದು ಬೋಟಿಗೆ ಅನುಮತಿ ಸಿಕ್ಕಿತು, ಇಷ್ಟೇ ಮೀನು ಎಂಬ ಮಿತಿಯ ಮೇಲೆ. ಮೊದಲ ಬೋಟುಗಳು ಹೊರಡುವ ದಿನ ಮುಂಜಾನೆ ಅವಳು ಬಂದರಿನ ಕಟ್ಟೆಯ ಕೊನೆಯಲ್ಲಿ ಯಾರ ಕಣ್ಣಿಗೂ ಬೀಳದಂತೆ ನಿಂತಿದ್ದಳು. ಡೀಸೆಲ್ಲಿನ ಹೊಗೆ, ಒಬ್ಬರನ್ನೊಬ್ಬರು ಬೈಯುವ ಖುಷಿಯ ಬೈಗುಳ, ಹೊಸ ಹಗ್ಗದ ವಾಸನೆ. ಹಳೇ ಜೊತೆಗಾರನೊಬ್ಬ ತನ್ನ ಬೋಟಿಗೆ ತಮ್ಮನನ್ನು ಕರೆದಿದ್ದಾನೆಂದು ಅವಳಿಗೆ ಗೊತ್ತಿತ್ತು. ಒಂದೊಂದೇ ಬೋಟಿನಲ್ಲಿ ಅವನ ಟೋಪಿಯನ್ನು ಹುಡುಕಿದಳು. ಇರಲಿಲ್ಲ.

'ಬಂದಿಲ್ಲ ಅವರು,' ಎಂದು ಪಕ್ಕದಲ್ಲಿ ಯಾರೋ ಅಂದರು. ತಮ್ಮನ ಹೆಂಡತಿ. ಶಾಲು ಹೊದ್ದು ನಿಂತಿದ್ದಳು. 'ಜ್ವರ ಅಂತ ಮಲಗಿದಾರೆ. ಜೊತೆಗಾರರಿಗೆ ಹೇಳಿ ಹೋಗೋಣ ಅಂತ ಬಂದೆ.'

ಕಲ್ಲಕ್ಕ, 'ತುಂಬ ಇದೆಯಾ ಜ್ವರ?' ಅಂದಳು.

ತಮ್ಮನ ಹೆಂಡತಿ ಬೋಟುಗಳನ್ನೇ ನೋಡುತ್ತಾ, 'ಅತ್ತಿಗೆ, ಗೋಡೆ ಮರೆಯಲ್ಲಿ ವಾಂತಿ ಮಾಡ್ಕೊಂಡಿದ್ದನ್ನ ದಿನಾ ತೊಳೀತಿದ್ದೋಳು ನಾನೇ,' ಅಂದಳು. 'ನಂಗೆ ಗೊತ್ತಿಲ್ಲ ಅಂತ ಅವರು ಅಂದ್ಕೊಂಡಿದಾರೆ. ಅಂದ್ಕೊಂಡಿರಲಿ.'

ಒಂದು ಬೋಟು ಹಗ್ಗ ಬಿಚ್ಚಿಕೊಂಡಿತು. ಇಬ್ಬರೂ ಅದು ತಿರುಗುವವರೆಗೆ ನೋಡಿದರು.

'ನೀವು ಮಾಡಿದ್ದು ಸರಿ,' ಅಂದಳು ಆಮೇಲೆ. 'ಆದ್ರೆ ಈಗ ಅವರಿಗೆ ಏನೂ ಉಳಿದಿಲ್ಲ. ಬೆಳಿಗ್ಗೆಯಿಂದ ನಿಮ್ಮನ್ನ ಬೈತಿದಾರೆ. ಅಕ್ಕನಿಂದ ಆರು ವರ್ಷ ಹಾಳಾಯ್ತು, ಮೈಯಲ್ಲಿ ಕಸುವು ಹೋಯ್ತು, ಇನ್ನು ಬೋಟಿಗೆ ಹೋಗೋಕಾಗಲ್ಲ ಅಂತ. ಹಾಗೆ ಅನ್ನೋಕಾದ್ರೂ ಆಗ್ತಿದೆ ಅಂತ ನಂಗೆ ಸಮಾಧಾನ. ನೀವು ಸ್ವಲ್ಪ ದಿನ ಮನೆ ಕಡೆ ಬರಬೇಡಿ ಅತ್ತಿಗೆ. ನಿಮ್ಮನ್ನ ಎದುರಿಗೆ ನೋಡಿದ್ರೆ ಅವರಿಗೆ ಬೈಯೋಕಾಗಲ್ಲ.'

ಸ್ವಲ್ಪ ದಿನ ಅಂದರೆ ಎಷ್ಟು ಎಂದು ಅವಳು ಕೇಳಲಿಲ್ಲ. ಮಗಳು ಏನನ್ನಾದರೂ ಕೇಳಿದಳೇ ಎಂದು ಕೇಳಬೇಕೆನ್ನಿಸಿತು, ಅದನ್ನೂ ಕೇಳಲಿಲ್ಲ. 'ಬಿಸಿನೀರು ಕುಡಿಸು. ಕೆಲಸಕ್ಕೆ ಇವತ್ತು ಕಳಿಸಬೇಡ,' ಅಂದಳು. ತಮ್ಮನ ಹೆಂಡತಿ ತಲೆಯಾಡಿಸಿ, ಅವಳ ಕೈಯನ್ನು ಒಮ್ಮೆ ಒತ್ತಿ, ಜೊತೆಗಾರನ ಬೋಟಿನ ಕಡೆ ನಡೆದಳು. ಅಲ್ಲಿ ಅವಳು ಗಂಡನ ಜ್ವರದ ವಿಷಯವನ್ನು ಎಷ್ಟು ಗಟ್ಟಿ ದನಿಯಲ್ಲಿ ಹೇಳಿದಳೆಂದರೆ ಕಟ್ಟೆಯ ಈ ತುದಿಗೂ ಕೇಳಿಸಿತು. ಯಾರೋ ಅನುಕಂಪದಿಂದ ಲೊಚಗುಟ್ಟಿದರು. ಯಾರೋ, 'ಎಲ್ಲ ಆ ಕಲ್ಲಕ್ಕನಿಂದ,' ಅಂದರು. ಕಟ್ಟೆಯ ತುದಿಯಲ್ಲಿ ನಿಂತವಳು ಅದನ್ನು ಕೇಳಿದಳು, ತಿದ್ದಲು ಹೋಗಲಿಲ್ಲ. ಕೊನೆಯ ಬೋಟು ಹೊರಡುವವರೆಗೂ ನಿಂತಿದ್ದು, ಆಮೇಲೆ ಕೇಂದ್ರದ ಕಡೆ ನಡೆದಳು. ಬಾಗಿಲು ತೆಗೆಯಲು ಇನ್ನೂ ಒಂದು ಗಂಟೆ ಇತ್ತು.